ಮಳೆಗೆ ಮಾಡಿದ ಕ್ಯಾಮೆರಾ, ಧೂಳಿನ ಸೀಮೆ

ಪೆಂಟಾಕ್ಸ್ ಕೆ-50 ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಕಂಪನಿ ಜೋರಾಗಿ ಹೇಳಿಕೊಂಡ ಸಂಖ್ಯೆ 81. ಬಾಡಿಯ ಸಂದುಗೊಂದಿಗಳಲ್ಲಿ ನೀರು, ಧೂಳು ನುಗ್ಗದಂತೆ ಕೂರಿಸಿದ ಸೀಲುಗಳು ಅಷ್ಟಿವೆ. ಅದೇ ಕಾಲದ ಕೆನಾನ್ 700ಡಿ, ನಿಕಾನ್ ಡಿ5200 ಎರಡರಲ್ಲೂ ಈ ಸೌಕರ್ಯ ಇರಲಿಲ್ಲ. ಮೊದಲ ಡಿಎಸ್‌ಎಲ್‌ಆರ್ ಕೊಳ್ಳುವವನಿಗೆ ದುಬಾರಿ ಕ್ಯಾಮೆರಾದ ಗುಣ ಕೊಟ್ಟಿದ್ದೇ ಇದರ ಹೆಚ್ಚುಗಾರಿಕೆ. ಈಗ ಇದು ಸೆಕೆಂಡ್ ಹ್ಯಾಂಡ್ ಮಾಲು. ವಾರಾಂತ್ಯಕ್ಕೆ ಊರಿಗೆ ಹೋಗಿ ಜಾತ್ರೆ, ಕೆರೆ, ಗುಡಿ ಅಂತ ಸುತ್ತುವ ನಮ್ಮಂಥವರು ಇದನ್ನು ತಗೋಬಹುದಾ ಅನ್ನೋದು ಪ್ರಶ್ನೆ.

ಊರು ಅಂದ್ರೆ ಯಾವುದು ಅನ್ನೋದು ಇಲ್ಲಿ ಮುಖ್ಯ. ಮಲೆನಾಡಿನವರಾದರೆ ಮಾತು ಒಂದೇ ಸಾಲಿಗೆ ಮುಗೀತಿತ್ತು: ತಗೊಳ್ಳಿ. ನಾನು ಹೇಳ್ತಿರೋದು ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆಯಲ್ಲಿ ಉಳಿಯುವ ಐದು ತಾಲ್ಲೂಕುಗಳ ಬಗ್ಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇಲ್ಲಿ ಮಳೆ ಅಪರೂಪದ ನೆಂಟ, ಧೂಳು ಮನೆಮಗ. ಕಂಪನಿ ಮೈನಸ್ 10 ಡಿಗ್ರಿ ಚಳಿಯಲ್ಲೂ ಕ್ಯಾಮೆರಾ ಓಡುತ್ತೆ ಅನ್ನುತ್ತೆ. ಸಂತೋಷ. ನಮ್ಮ ಕಡೆ ಬೇಸಿಗೆಯಲ್ಲಿ ಪಾದರಸ 40 ದಾಟುತ್ತಲ್ಲ, ನಮಗೆ ಬೇಕಾದ್ದು ಅದರ ಲೆಕ್ಕ.

ಮೊದಲು ಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರಲಿಂಗನ ಭಂಡಾರ ಗಾಳಿಯಲ್ಲಿ ಹಾರಾಡ್ತಾ ಇರುತ್ತೆ. ಅರಿಶಿನದ ಪುಡಿ ಎಷ್ಟು ನುಣುಪು ಅಂದ್ರೆ ಅಂಗಿಯ ಹೊಲಿಗೆಯೊಳಗೂ ಇಳಿಯುತ್ತೆ. ಸೀಲ್ ಇಲ್ಲದ ಕ್ಯಾಮೆರಾದ ಗುಂಡಿ, ಡಯಲ್‌ಗಳ ಸಂದಿಗೆ ಅದು ಹೊಕ್ಕರೆ ರಿಪೇರಿಗೆ ದೊಡ್ಡ ಊರೇ ಗತಿ. ಇಲ್ಲಿ ಆ ಸೀಲುಗಳು ಹಾಕಿದ ದುಡ್ಡಿಗೆ ನ್ಯಾಯ ಒದಗಿಸುತ್ತವೆ. ಆದರೆ ಜನ ಮರೆಯೋ ಮಾತೊಂದಿದೆ: ಬಾಡಿಗೆ ಸೀಲ್ ಇದ್ದು ಲೆನ್ಸಿಗೆ ಇಲ್ಲದಿದ್ದರೆ ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂಗೆ. ಹೆಸರಿನಲ್ಲಿ ಡಬ್ಲ್ಯುಆರ್ ಅಂತಿರುವ ಲೆನ್ಸೇ ಬೇಕು. ಅದೂ ಇದ್ದು, ಜಾತ್ರೆ ನಡುವೆ ಲೆನ್ಸ್ ಬಿಚ್ಚಿದಿರೋ, 81 ಸೀಲೂ ಆ ಕ್ಷಣಕ್ಕೆ ಸೊನ್ನೆ. ಹಾಗಾಗಿ ಇಲ್ಲಿಗೆ ಒಂದೇ ಲೆನ್ಸ್ ಸಾಕು: 18-135 ಡಬ್ಲ್ಯುಆರ್. ಬೆಳಗ್ಗೆ ಹಾಕಿದ್ದನ್ನು ರಾತ್ರಿ ರೂಮಿನಲ್ಲಿ ತೆಗೀಬೇಕು. ಒರೆಸುವಾಗಲೂ ಅಷ್ಟೇ, ಮೊದಲು ಒಣ ಬ್ರಷ್ಷು, ಆಮೇಲೆ ಬಟ್ಟೆ. ಒದ್ದೆ ಬಟ್ಟೆ ಮೊದಲೇ ಬಿತ್ತೋ, ಅರಿಶಿನ ಕಲೆಯಾಗಿ ಕೂರುತ್ತೆ.

ಕ್ಯಾಮೆರಾದ ದೊಡ್ಡ ಕೊರತೆ ಗೊತ್ತಾಗೋದೂ ಅದೇ ಮೈಲಾರದಲ್ಲಿ. ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುವಾಗ ಸುತ್ತ ಲಕ್ಷಗಟ್ಟಲೆ ಜನ. ಕೈ ಮೇಲೆತ್ತಿ ಕ್ಯಾಮೆರಾ ಹಿಡಿಯದೆ ಏನೂ ಸಿಗಲ್ಲ. 700ಡಿಯ ಪರದೆ ಹೊರಗೆ ತಿರುಗುತ್ತೆ, ಕೆ-50ರದು ಅಂಟಿಕೊಂಡೇ ಇರುತ್ತೆ. ಆಗ ನೀವು ತೆಗೆಯೋದು ದೇವರ ಮೇಲೆ ಭಾರ ಹಾಕಿದ ಫೋಟೊ. ಸೆಕೆಂಡಿಗೆ ಆರು ಫ್ರೇಮ್ ವೇಗ ಇದೆ ನಿಜ, ಆದರೆ ರಾ ಫೈಲಿಗೆ ಇಟ್ಟರೆ ಎರಡು ಸೆಕೆಂಡಿನೊಳಗೇ ಬಫರ್ ತುಂಬಿ ನಿಲ್ಲುತ್ತೆ. ಕಾರ್ಣಿಕ ನಿಮಗಾಗಿ ಕಾಯಲ್ಲ, ಜೆಪೆಗ್ಗೇ ವಾಸಿ.

ಕೊಟ್ಟೂರಿನ ತೇರಿಗೆ ಬನ್ನಿ. ಗುರು ಕೊಟ್ಟೂರೇಶ್ವರನ ರಥ ಕದಲಿದಾಗ ಮೇಲೆ ಬಾಳೆಹಣ್ಣು, ಕೆಳಗೆ ಜನರ ಕಾಲಡಿಯ ಮಣ್ಣು, ಎರಡೂ ಹಾರುತ್ತವೆ. ಇಲ್ಲಿ ಹೊಗಳಬೇಕಾದ್ದು ವ್ಯೂಫೈಂಡರನ್ನು. 700ಡಿ, ಡಿ5200ಗಳ ಕಿಂಡಿಯಲ್ಲಿ ಚೌಕಟ್ಟಿನ ಶೇ 95ರಷ್ಟು ಮಾತ್ರ ಕಾಣುತ್ತೆ. ಕೆ-50ರಲ್ಲಿ ಪೂರ್ತಿ ನೂರು, ಅದೂ ನಿಜವಾದ ಗಾಜಿನ ಪ್ರಿಸಮ್ಮಿನಲ್ಲಿ. ತೇರಿನ ಕಳಸ ಕತ್ತರಿಸಿ ಹೋಯ್ತಾ ಅನ್ನೋ ಅನುಮಾನ ಇರಲ್ಲ. ಬೆಳಕಿಗೊಂದು, ವೇಗಕ್ಕೊಂದು ಅಂತ ಎರಡು ಡಯಲ್ ಇರೋದು ಕಲಿಯುವವನಿಗೆ ಇನ್ನೂ ದೊಡ್ಡ ಲಾಭ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಕಲ್ಲೇಶ್ವರ ಗುಡಿಯಲ್ಲಿ ಇನ್ನೊಂದು ಗುಣ ಕಾಣುತ್ತೆ. ಚಾಲುಕ್ಯರ ಕಾಲದ ಆ ಕಡೆದ ಕಂಬಗಳ ನಡುವೆ ಬೆಳಕು ಕಮ್ಮಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಕೈನಡುಕ ತಡೆಯುವ ವ್ಯವಸ್ಥೆ ಪೆಂಟಾಕ್ಸಿನಲ್ಲಿ ಬಾಡಿಯೊಳಗೇ ಇರೋದರಿಂದ, ಯಾರದೋ ಅಟ್ಟದ ಮೇಲಿನ ಹಳೇ 50 ಎಂಎಂ ಲೆನ್ಸಿಗೂ ಅದು ಸಿಗುತ್ತೆ. 1975ರಲ್ಲಿ ಬಂದ ಕೆ ಮೌಂಟ್ ಇನ್ನೂ ಬದಲಾಗಿಲ್ಲವಲ್ಲ. ಕಂಬಕ್ಕೆ ಇದು ವರ. ಓಡಾಡುವ ಪೂಜಾರಿಗೆ ಅಲ್ಲ, ಅವರು ಅಲುಗಿದರೆ ಅಲುಗಿದಂಗೇ ಬರ್ತಾರೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋದರೆ ಮಾತ್ರ ಉಸಿರು ಕಟ್ಟುತ್ತೆ. ರಾಮ್ಸಾರ್ ಪಟ್ಟಿ ಸೇರಿರುವ ಆ ಕೆರೆಯ ಕರಿಜಾಲಿ ಮರಗಳ ತುಂಬ ಹಕ್ಕಿ. ಕಿಟ್ ಲೆನ್ಸಿನ 55 ಎಂಎಂಗೆ ಅವು ಬರೀ ಚುಕ್ಕಿ. 55-300 ಡಬ್ಲ್ಯುಆರ್ ಬೇಕು. ಅದಿದ್ದರೂ 11 ಬಿಂದುಗಳ ಆಟೋಫೋಕಸ್ ಹಾರುವ ಕೊಕ್ಕರೆಯನ್ನು ಬಿಟ್ಟು ಹಿಂದಿನ ಟೊಂಗೆಗೆ ಜೋತುಬೀಳುತ್ತೆ. ಗೂಡಿನಲ್ಲಿ ಕೂತ ಹಕ್ಕಿಗೆ ತೊಂದರೆಯಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ್ದೂ ಇದೇ ಕಥೆ: ಸಂಜೆ ಬಂಡೆಗಳ ನಡುವೆ ಕರಡಿ ಕಂಡರೆ 16 ಮೆಗಾಪಿಕ್ಸೆಲ್ಲಿನ ಸೆನ್ಸರ್ ಮಬ್ಬು ಬೆಳಕನ್ನು ಚೆನ್ನಾಗೇ ಹಿಡಿಯುತ್ತೆ, ದೂರವನ್ನು ಹಿಡಿಯಬೇಕಾದ್ದು ಲೆನ್ಸು.

ವಿಡಿಯೊ ಮಾಡುವವರು ಇತ್ತ ಬರಲೇಬೇಡಿ. ಹೊರಗಿನ ಮೈಕ್ ಚುಚ್ಚಲು ಜಾಗವೇ ಇಲ್ಲ. ಡೊಳ್ಳು, ಸಮಾಳದ ಸದ್ದಿಗೆ ಬೇರೆ ರೆಕಾರ್ಡರ್ ಹೊರಬೇಕು.

ಕೊನೆಯದಾಗಿ, ಸೀಲು ಕಾಯಲಾಗದ ಒಂದು ಕಾಯಿಲೆ. ಈ ಮಾದರಿಯ ಹಳೇ ಕ್ಯಾಮೆರಾಗಳಲ್ಲಿ ಅಪರ್ಚರ್ ನಡೆಸುವ ಪುಟ್ಟ ವಿದ್ಯುತ್ ಭಾಗ ಸೋತು ಫೋಟೊ ಕಪ್ಪಾಗಿ ಬರೋದು ಬಳಕೆದಾರರ ನಡುವೆ ಎಲ್ಲರಿಗೂ ಗೊತ್ತಿರುವ ದೂರು. ಕೊಳ್ಳುವ ಮೊದಲು, ಗಂಟೆಗಟ್ಟಲೆ ಸುಮ್ಮನಿದ್ದ ಕ್ಯಾಮೆರಾ ತಗೊಂಡು ಮ್ಯಾನುಯಲ್ ಮೋಡಿನಲ್ಲಿ ಎಫ್8ಕ್ಕೆ ಇಟ್ಟು, ಒಂದೇ ಬೆಳಕಿನಲ್ಲಿ ಒಂದೇ ಗೋಡೆಯ ಹತ್ತು ಫೋಟೊ ಹೊಡೀರಿ. ಒಂದು ಕಪ್ಪಾದರೂ ಕೈಮುಗಿದು ಎದ್ದುಬನ್ನಿ.

ಜಾತ್ರೆ, ಗುಡಿ, ಹೊಲದ ಮುಖಗಳು ನಿಮಗೆ ಬೇಕಾದ್ದಾದರೆ ಇಷ್ಟು ಕಡಿಮೆಗೆ ಇಷ್ಟು ಗಟ್ಟಿ ಡಿಎಸ್‌ಎಲ್‌ಆರ್ ಸಿಗೋದು ಕಷ್ಟ. ಹಕ್ಕಿ ಅಥವಾ ವಿಡಿಯೊ ಆದರೆ ಬೇರೆ ನೋಡಿ. ತಗೊಂಡರೆ ಬಾಡಿಗೆ ಸುರಿಯೋ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಡಬ್ಲ್ಯುಆರ್ ಲೆನ್ಸಿಗಿಡಿ. ಧೂಳು ಬರೋದು ಆ ಬಾಗಿಲಿಂದಲೇ.