ಗೋಡೆಗೆ ಅಂಟಿಸಿದ ಕೆಲಸ

ನಮ್ಮ ತಂಡದ ಗೋಡೆ ಚಾರ್ಟಿನಲ್ಲಿ ಒಂದು ಕೆಲಸದ ಹಳದಿ ಚೀಟಿ ‘ಟೆಸ್ಟಿಂಗ್’ ಸಾಲಿನಲ್ಲಿ ಮೂರು ವಾರ ಕೂತಿತ್ತು. ಎರಡನೇ ವಾರಕ್ಕೆ ಅಂಚು ಸುರುಟಿಕೊಂಡಿತು, ಮೂರನೇ ವಾರ ಗೋಂದು ಬಿಟ್ಟು ನೆಲಕ್ಕೆ ಬಿತ್ತು. ಕಸ ಗುಡಿಸುವ ಅಕ್ಕ ಎತ್ತಿ, ಎಲ್ಲಿಯದೆಂದು ತಿಳಿಯದೆ, ‘ಮುಗಿದಿದೆ’ ಸಾಲಿಗೆ ಅಂಟಿಸಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಗೋಡೆಯ ಮುಂದೆ ನಿಂತವರೆಲ್ಲ ನಕ್ಕೆವು. ನಗು ನಿಂತ ಮೇಲೆ, ಅದು ಇಷ್ಟು ದಿನ ಯಾಕೆ ಮುಗಿದಿಲ್ಲ ಎಂದು ಯಾರೋ ಕೇಳಿದರು. ಅದೇ ಕೆಲಸ ಕಂಪ್ಯೂಟರಿನ ಪಟ್ಟಿಯಲ್ಲೂ ಇತ್ತು. ಅಲ್ಲಿ ಯಾರೂ ಕೇಳಿರಲಿಲ್ಲ.

ಗೋಡೆ ಚಾರ್ಟಿನ ಗುಣ ಇದು. ತೆರೆಯಬೇಕಿಲ್ಲ, ಪಾಸ್‌ವರ್ಡ್ ಬೇಡ, ನೀರು ಕುಡಿಯಲು ಹೋಗುವಾಗಲೂ ಕಣ್ಣಿಗೆ ಬೀಳುತ್ತದೆ. ಚೀಟಿಯನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಎಲ್ಲರೆದುರು ಕೈಯಾರೆ ಸರಿಸುವಾಗ ಸುಳ್ಳು ಹೇಳುವುದು ಸ್ವಲ್ಪ ಕಷ್ಟ.

ಆದರೆ ಕಾನ್‌ಬಾನ್ ಎಂಬ ಈ ಪದ್ಧತಿಯ ಮೂಲ ಗೋಡೆಯಲ್ಲಿಲ್ಲ. ಕಾನ್‌ಬಾನ್ ಎಂದರೆ ಜಪಾನಿ ಭಾಷೆಯಲ್ಲಿ ಫಲಕ. ಟೊಯೋಟಾದ ತೈಚಿ ಓನೊ ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಿಂದ ಪ್ರೇರಣೆ ಪಡೆದು ರೂಪಿಸಿದ ಕಾನ್‌ಬಾನ್, ಬಿಡಿಭಾಗಗಳ ಡಬ್ಬಿಯ ಜೊತೆ ಓಡಾಡುವ ಚೀಟಿ. ಮುಂದಿನ ಹಂತದವರು ಭಾಗ ಬಳಸಿದ ಮೇಲೆ ಆ ಚೀಟಿ ಹಿಂದಕ್ಕೆ ಬರಬೇಕು. ಬಾರದಿದ್ದರೆ ಹಿಂದಿನವರು ಹೊಸದನ್ನು ತಯಾರಿಸುವಂತಿಲ್ಲ. ಅಂದರೆ ಚೀಟಿ ಇರುವುದು ತಡೆಯಲು. 2004ರಲ್ಲಿ ತಂತ್ರಾಂಶ ನಿರ್ವಹಣೆಯ ತಜ್ಞ ಡೇವಿಡ್ ಆಂಡರ್ಸನ್ ಇದನ್ನು ಮೈಕ್ರೋಸಾಫ್ಟಿನ ಒಂದು ತಂಡಕ್ಕೆ ಅಳವಡಿಸಿದಾಗ, ಕೋಡ್ ಬರೆಯುವವರೂ ಪರೀಕ್ಷಿಸುವವರೂ ಇದ್ದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಅಲ್ಲಿ ಗೋಡೆಯೂ ಇರಲಿಲ್ಲ, ಬಣ್ಣದ ಕಾಗದವೂ ಇರಲಿಲ್ಲ. ಏಕಕಾಲಕ್ಕೆ ಎಷ್ಟು ಕೆಲಸ ಹಿಡಿಯಬಹುದು ಎಂಬ ಮಿತಿ ಮಾತ್ರ ಇತ್ತು.

ನಮ್ಮ ಬಹುಪಾಲು ಆಫೀಸುಗಳು ಮಾಡಿಕೊಂಡದ್ದು ತಿರುವುಮುರುವು. ಬಣ್ಣ ಬಂತು, ಮಿತಿ ಬರಲಿಲ್ಲ. ‘ನಡೀತಿದೆ’ ಸಾಲಿನಲ್ಲಿ ಚೀಟಿಯ ಮೇಲೆ ಚೀಟಿ. ನಾನು ಕೆಲಸ ಮಾಡಿದ ಒಂದು ಕಡೆ ಗ್ರಾಹಕರು ಬರುವ ಹಿಂದಿನ ಸಂಜೆ ಹಳೆಯ ಚೀಟಿಗಳನ್ನೆಲ್ಲ ಕಿತ್ತು, ಒಳ್ಳೆಯ ಅಕ್ಷರದವರಿಂದ ಹೊಸದಾಗಿ ಬರೆಸುತ್ತಿದ್ದರು. ಮದುವೆ ಮನೆಯ ತೋರಣದಂತೆ ಇರುತ್ತಿತ್ತು ಗೋಡೆ, ನೋಡಲು ಚೆಂದ.

ಇನ್ನೂ ಕೊರತೆಗಳಿವೆ. ಚೀಟಿ ಕಿತ್ತರೆ ಅದರ ಚರಿತ್ರೆಯೂ ಹೋಯಿತು. ಧಾರವಾಡದ ಮನೆಯಿಂದ ಕೆಲಸ ಮಾಡುವವರಿಗೆ ಬೆಂಗಳೂರಿನ ಗೋಡೆ ಕಾಣುವುದಿಲ್ಲ; ದಿನಾ ಫೋಟೋ ತೆಗೆದು ಕಳಿಸುವ ಉತ್ಸಾಹ ಒಂದು ವಾರ ಇರುತ್ತದೆ, ಅಷ್ಟೆ. ತಂಡ ಚದುರಿದ್ದರೆ ಕಂಪ್ಯೂಟರೇ ಸರಿ. ಒಂದೇ ಕೋಣೆಯ ಆರೇಳು ಮಂದಿಗೆ ಮಾತ್ರ ನಾನು ಗೋಡೆಯನ್ನೇ ಶಿಫಾರಸು ಮಾಡುತ್ತೇನೆ. ಅದರ ಜಾಗ ತೀರುತ್ತದೆ. ಕಂಪ್ಯೂಟರಿನ ಪಟ್ಟಿಗೆ ತೀರುವುದೇ ಗೊತ್ತಿಲ್ಲ.

ಚಾರ್ಟ್ ಹಾಕಿಸುವ ಮ್ಯಾನೇಜರುಗಳಲ್ಲಿ ಒಂದು ವಿನಂತಿ. ಬಣ್ಣದ ಚೀಟಿ ತರಿಸುವ ಮೊದಲು ‘ನಡೀತಿದೆ’ ಎಂಬುದರ ಪಕ್ಕ ದಪ್ಪಗೆ ಒಂದು ಅಂಕಿ ಬರೆಯಿರಿ. ಅದನ್ನು ಮೀರಿ ಹೊಸ ಚೀಟಿ ಹಿಡಿದು ಬಂದರೆ, ನಿಮ್ಮನ್ನೂ ಹಿಂದಕ್ಕೆ ಕಳಿಸುವ ಅಧಿಕಾರ ತಂಡಕ್ಕೆ ಕೊಡಿ.