ಫೋನ್ ಬಂತು, ಓದು ಬಂತೇ?

ಕೊಪ್ಪಳ ಜಿಲ್ಲೆಯ ಶಾಲೆಗಳ ಮಾತು ಬಂದಾಗಲೆಲ್ಲ ಒಂದು ವಾದ ಕಿವಿಗೆ ಬೀಳುತ್ತದೆ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠದಿಂದ ಹೊರಗುಳಿದದ್ದು ಫೋನ್ ಇಲ್ಲದ್ದಕ್ಕೆ. ಈಗ ಮನೆಮನೆಗೂ ಫೋನ್ ಬಂದಿದೆ, ಮೊಬೈಲ್ ವಿಚಾರದಲ್ಲಿ ಹುಡುಗರೇ ಮಾಸ್ತರಿಗೆ ಪಾಠ ಹೇಳುತ್ತಾರೆ, ಇನ್ನೇನು ತೊಂದರೆ? ಮೊದಲರ್ಧ ನಿಜ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಊರುಗಳಿಂದ ಅಪ್ಪ ಗುಳೆ ಹೊರಟರೆ ಮನೆಯ ಒಂದೇ ಫೋನೂ ಅವನ ಜೇಬಿನಲ್ಲೇ ಹೊರಡುತ್ತಿತ್ತು. ಇನ್ನರ್ಧವನ್ನು ಮಾತ್ರ ನಾನು ಒಪ್ಪಲಾರೆ.

ಶಾಲೆಯ ವಾಟ್ಸಾಪ್ ಗ್ರೂಪನ್ನೇ ನೋಡಿ. ವಿಜ್ಞಾನದ ಮಾಸ್ತರು ಹತ್ತು ನಿಮಿಷದ ಯೂಟ್ಯೂಬ್ ಪಾಠ ಹಾಕುತ್ತಾರೆ. ನಿಮಿಷದೊಳಗೆ ಸಾಲುಸಾಲಾಗಿ ‘ಓಕೆ ಸರ್’, ಹೆಬ್ಬೆರಳಿನ ಗುರುತು. ಪಾಠ ನೋಡಿದವರು ಯಾರು? ಆದರೂ ಹಾಜರಿ ಬೀಳುತ್ತದೆ, ಮಕ್ಕಳ ತೊಡಗುವಿಕೆ ಚೆನ್ನಾಗಿದೆ ಎಂದಾಗುತ್ತದೆ. ಸಂಜೆ ಅದೇ ಗ್ರೂಪಿಗೆ ‘ಸರ್ಕಾರದಿಂದ ಉಚಿತ ಲ್ಯಾಪ್‌ಟಾಪ್, ಇಂದೇ ಕೊನೆಯ ದಿನ’ ಎಂಬ ಮೆಸೇಜ್. ಯಾವ ಇಲಾಖೆ, ಯಾವ ತಾರೀಖಿನ ಆದೇಶ, ಲಿಂಕಿನ ವಿಳಾಸ ಸರ್ಕಾರದ್ದೇ ಹೌದೇ ಎಂದು ಯಾರೂ ನೋಡುವುದಿಲ್ಲ. ಹೆಸರು, ಆಧಾರ್ ನಂಬರ್ ತುಂಬಿ ಹತ್ತು ಜನಕ್ಕೆ ಕಳಿಸಿಯೂ ಆಯಿತು. ಪಾಠ ನೋಡದೆ ‘ಓಕೆ’ ಎಂದ ಮಕ್ಕಳೇ ಇದನ್ನೂ ಓದದೆ ಮುಂದೆ ತಳ್ಳಿದ್ದು. ಆನ್‌ಲೈನ್ ಕಲಿಕೆಯಲ್ಲಿ ಆಸಕ್ತಿ ಇಲ್ಲ, ಸುಳ್ಳು ಸುದ್ದಿಗೆ ಬಲಿಯಾಗುತ್ತಾರೆ ಎಂದು ನಾವು ಎರಡು ಕಾಯಿಲೆ ಹೆಸರಿಸುತ್ತೇವೆ. ನನಗೆ ಕಾಣುವುದು ಒಂದೇ: ಕಣ್ಣಮುಂದೆ ಬಂದದ್ದನ್ನು ತಡೆದು ಪ್ರಶ್ನಿಸುವ ರೂಢಿಯನ್ನು ನಾವು ಕಲಿಸಿಲ್ಲ.

ಈ ರೂಢಿ ತಾನಾಗಿ ಬರುವುದಿಲ್ಲ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ ಅಮೆರಿಕದ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ‘ಪ್ರಾಯೋಜಿತ’ ಎಂದೇ ಬರೆದಿದ್ದ ಜಾಹೀರಾತನ್ನು ಸುದ್ದಿ ಎಂದು ನಂಬಿದ್ದರು. ನಮ್ಮಲ್ಲಿ ಅದರ ಬೆಲೆ ಇನ್ನೂ ದೊಡ್ಡದು. 2018ರ ಜುಲೈನಲ್ಲಿ ಇದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನ ಜೀವ ತೆಗೆಯಿತು.

ಹಾಗೆಂದು ಒಂದು ದಿನದ ಕಾರ್ಯಾಗಾರ ಮಾಡಿ, ಫೋಟೊ ತೆಗೆಸಿಕೊಂಡು ಕೈತೊಳೆದುಕೊಂಡರೆ ಆಗದು. ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ 1,224 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಂಟೆಯ ತರಬೇತಿಯಿಂದ ಸುಳ್ಳನ್ನು ಗುರುತಿಸುವ ಶಕ್ತಿ ಹೆಚ್ಚಲಿಲ್ಲ. ಆಮೇಲೆ ಅದೇ ರಾಜ್ಯದ 583 ಹಳ್ಳಿಗಳಲ್ಲಿ ಶಾಲಾ ಮಕ್ಕಳನ್ನು ಹಲವು ವಾರ ಎದುರಿಗೆ ಕೂರಿಸಿಕೊಂಡು ಕಲಿಸಿದಾಗ ಫಲ ಸಿಕ್ಕಿತು, ತಿಂಗಳುಗಳ ಮೇಲೂ ಉಳಿಯಿತು.

ಎದುರಿಗೆ ಕೂರಿಸಿಕೊಳ್ಳುವುದು ನಮಗೇನು ಹೊಸದಲ್ಲ. ಶಾಲೆ ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ಶುರುವಾದ ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆ ಹೊತ್ತಿಗೆ ನಿಲ್ಲಿಸಿದ್ದು ಸರಿಯೇ ಇರಬಹುದು. ಆದರೆ ‘ಏನ್ ತಿಳೀತು, ಹೇಳ್ ನೋಡೂನು’ ಎಂದು ಮಗುವಿನ ಮುಖ ನೋಡಿ ಕೇಳುವ ಅದರ ಸತ್ವವನ್ನು ಆನ್‌ಲೈನ್ ಪಾಠಕ್ಕೆ ಜೋಡಿಸಲೇ ಇಲ್ಲ.

ಜಿಲ್ಲೆಯ ಎಲ್ಲ ತಾಲೂಕುಗಳ ಪ್ರೌಢಶಾಲೆಗಳ ಕನ್ನಡ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ವಾರಕ್ಕೊಂದು ಪಿರಿಯಡ್, ಮಕ್ಕಳ ಗ್ರೂಪಿಗೆ ಬಂದ ಒಂದು ಫಾರ್ವರ್ಡ್ ಮೆಸೇಜನ್ನು ಬೋರ್ಡಿನ ಮೇಲೆ ಬರೆದು, ಇದನ್ನು ಯಾರು ಬರೆದರು, ಯಾಕೆ ಬರೆದರು ಎಂದು ಅವರಿಂದಲೇ ಕೇಳಿಸಿ. ಇಲಾಖೆಯೂ ‘ಓಕೆ ಸರ್’ ಅನ್ನು ಹಾಜರಿ ಎಂದು ಬರೆದುಕೊಳ್ಳುವುದನ್ನು ನಿಲ್ಲಿಸಲಿ.