ಲಾಹೋರಿನಿಂದ ಹೂಸ್ಟನ್‌ಗೆ ಬಂದ ಹಲ್ಲುಗಳು

ತ್ರೀಡಿ ಮುದ್ರಣ ಮತ್ತು ಬೌದ್ಧಿಕ ಆಸ್ತಿಯ ಮಾತು ಬಂದಾಗಲೆಲ್ಲ ಗೊಂಬೆ, ಆಟಿಕೆ, ಯಂತ್ರದ ಬಿಡಿಭಾಗಗಳ ನಕಲಿನ ಚರ್ಚೆ ಏಳುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಹಲ್ಲಿನ ಒಂದು ಮೊಕದ್ದಮೆ. ಕ್ಲಿಯರ್‌ಕರೆಕ್ಟ್ ಕಂಪನಿಯ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2015ರ ನವೆಂಬರ್ 10ರಂದು ಕೊಟ್ಟ ತೀರ್ಪು ಅದು. ಮುಟ್ಟಿದ ತೀರ್ಮಾನ ಸರಿ, ಮುಟ್ಟಿದ ದಾರಿ ಸರಿಯಿಲ್ಲ.

ಸೊಟ್ಟ ಹಲ್ಲು ನೆಟ್ಟಗಾಗಲು ತಂತಿಯ ಬದಲು ತೊಡಿಸುವ ಪಾರದರ್ಶಕ ಅಲೈನರ್‌ಗಳು ಒಂದಾದ ಮೇಲೊಂದು ಸರಣಿಯಲ್ಲಿ ಬರುತ್ತವೆ. ಪ್ರತಿಯೊಂದೂ ಹಲ್ಲನ್ನು ಕೂದಲೆಳೆಯಷ್ಟು ಸರಿಸುತ್ತದೆ. ಕ್ಲಿಯರ್‌ಕರೆಕ್ಟ್ ಅಮೆರಿಕದ ರೋಗಿಯ ಹಲ್ಲಿನ ಸ್ಕ್ಯಾನನ್ನು ಲಾಹೋರಿಗೆ ಕಳಿಸುತ್ತಿತ್ತು. ಅಲ್ಲಿನ ತಂತ್ರಜ್ಞರು ಪರದೆಯ ಮೇಲೆ ಒಂದೊಂದೇ ಹಲ್ಲನ್ನು ಸರಿಸಿ, ಚಿಕಿತ್ಸೆಯ ಪ್ರತಿ ಹಂತಕ್ಕೂ ಒಂದು ಡಿಜಿಟಲ್ ಮಾದರಿ ಮಾಡಿ ಹೂಸ್ಟನ್‌ಗೆ ಕಳಿಸುತ್ತಿದ್ದರು. ಹೂಸ್ಟನ್ನಿನಲ್ಲಿ ಆ ಮಾದರಿಗಳನ್ನು ತ್ರೀಡಿ ಪ್ರಿಂಟರಿನಿಂದ ತೆಗೆದು, ಮೇಲೆ ಪ್ಲಾಸ್ಟಿಕ್ ಹಾಳೆ ಕಾಯಿಸಿ ಒತ್ತಿದರೆ ಅಲೈನರ್ ಸಿದ್ಧ. ಗಡಿ ದಾಟಿ ಬಂದದ್ದು ಫೈಲ್ ಮಾತ್ರ.

ಲಾಹೋರೇ ಏಕೆ? ಈ ವಿಧಾನವನ್ನು ಇನ್ವಿಸಲೈನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದು ಪೇಟೆಂಟ್ ಮಾಡಿಸಿದ ಅಲೈನ್ ಟೆಕ್ನಾಲಜಿಯೇ ಮೊದಲು ಲಾಹೋರಿನಲ್ಲಿ ಈ ಕೆಲಸ ಮಾಡಿಸುತ್ತಿತ್ತು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಅದು ಕೋಸ್ಟರಿಕಾಗೆ ಹೊರಟುಹೋಯಿತು. ಸ್ಥಾಪಕರಲ್ಲೊಬ್ಬರಾದ ಜಿಯಾ ಚಿಶ್ತಿ ಅಲೈನ್ ಬಿಟ್ಟು ಆರ್ಥೋಕ್ಲಿಯರ್ ಕಟ್ಟಿದಾಗ ಮತ್ತೆ ಲಾಹೋರಿನವರನ್ನೇ ನೆಚ್ಚಿದರು. 2006ರಲ್ಲಿ ಆ ಕಂಪನಿ ಅಲೈನ್‌ನಿಂದ 2 ಕೋಟಿ ಡಾಲರ್ ಪಡೆದು ರಾಜಿಯಾಗಿ ಬಾಗಿಲು ಮುಚ್ಚಿತು. ಅರ್ಧ ಚಿಕಿತ್ಸೆಯಲ್ಲಿ ಕೈಬಿಟ್ಟುಹೋದ ರೋಗಿಗಳಿದ್ದ ಹೂಸ್ಟನ್ನಿನ ದಂತವೈದ್ಯ ವಿಲ್ಲಿಸ್ ಪಂಫ್ರೆ ಆಗ ಶುರುಮಾಡಿದ್ದು ಕ್ಲಿಯರ್‌ಕರೆಕ್ಟ್. ಪೇಟೆಂಟ್ ಒಬ್ಬರದು, ಕೈಪಳಗಿದ ಕೆಲಸಗಾರರು ಇನ್ನೊಂದು ಊರಿನವರು. ಈ ಚರಿತ್ರೆಯಿಲ್ಲದೆ ತೀರ್ಪನ್ನು ಓದಿದರೆ ಬರಿಯ ನಕಲುಗಾರರ ಕತೆಯಂತೆ ಕಾಣುತ್ತದೆ.

2012ರಲ್ಲಿ ಅಲೈನ್ ದೂರು ಕೊಟ್ಟದ್ದು ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ. 1930ರ ಸುಂಕ ಕಾಯ್ದೆಯ 337ನೇ ಸೆಕ್ಷನ್ ಪ್ರಕಾರ, ಪೇಟೆಂಟ್ ಉಲ್ಲಂಘಿಸುವ ವಸ್ತುಗಳ ಆಮದನ್ನು ತಡೆಯುವ ಅಧಿಕಾರ ಅದಕ್ಕಿದೆ. ಫೈಲ್ ಕೂಡ ವಸ್ತುವೇ ಎಂದು 2014ರಲ್ಲಿ ಆಯೋಗ ಹೇಳಿತು. ವಸ್ತುವೆಂದರೆ ಭೌತಿಕವಾಗಿರಬೇಕು ಎಂದು ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಅದನ್ನು ತಳ್ಳಿಹಾಕಿದರು.

ಆಗಿನ ಮುಖ್ಯ ನ್ಯಾಯಾಧೀಶೆ ಶರನ್ ಪ್ರೋಸ್ಟ್ ಬರೆದ ಬಹುಮತದ ತೀರ್ಪನ್ನು ಓದುವುದೆಂದರೆ ಹಳೆಯ ನಿಘಂಟುಗಳ ಅಂಗಡಿ ಹೊಕ್ಕಂತೆ. 1920ರ ದಶಕದ ಶಬ್ದಕೋಶಗಳನ್ನು ತೆರೆದು, ಅಂದಿನ ಶಾಸಕರ ಮನಸ್ಸಿನಲ್ಲಿದ್ದದ್ದು ಮುಟ್ಟಬಹುದಾದ ಸರಕೇ ಎಂದು ಅದು ಸಾಧಿಸುತ್ತದೆ. ಹಡಗಿನಲ್ಲಿ ಮಾಲು ಬರುತ್ತಿದ್ದ ಕಾಲದವರ ಮನಸ್ಸಿನಲ್ಲಿ ಇನ್ನೇನಿದ್ದೀತು? ಭಿನ್ನಮತ ಬರೆದ ನ್ಯಾಯಾಧೀಶೆ ಪಾಲಿನ್ ನ್ಯೂಮನ್ ಕಾಯ್ದೆ ಏತಕ್ಕಾಗಿ ಹುಟ್ಟಿತು ಎಂದು ಕೇಳುತ್ತಾರೆ. ಅನ್ಯಾಯದ ಆಮದಿನಿಂದ ಉದ್ಯಮವನ್ನು ಕಾಯುವುದಕ್ಕಾದರೆ, ಸರಕು ಸಾಗುವ ಬಗೆ ಬದಲಾದ ಮಾತ್ರಕ್ಕೆ ಕಾವಲು ತೆಗೆಯಲಾಗದು ಎಂಬುದು ಅವರ ವಾದ. ಇಬ್ಬರಲ್ಲಿ ಗಟ್ಟಿ ವಾದ ನ್ಯೂಮನ್ನರದೇ.

ಆದರೂ ನಾನು ಅವರ ಪಕ್ಷ ವಹಿಸಲಾರೆ. ಹಲ್ಲಿನ ಈ ಜಗಳದಲ್ಲಿ ಹಾಲಿವುಡ್ ಸ್ಟುಡಿಯೋಗಳ ಸಂಘ ಆಯೋಗದ ಪರ ನಿಂತಿತ್ತು. ಸಿನಿಮಾದವರಿಗೆ ಇಲ್ಲೇನು ಕೆಲಸ? ಫೈಲ್ ವಸ್ತುವಾದರೆ ಹೊರದೇಶದಿಂದ ಹರಿದುಬರುವ ಸಿನಿಮಾವೂ ಹಾಡೂ ವಸ್ತುವಾಗುತ್ತವೆ. ಆಮದು ಕಾಯುವ ಆಯೋಗ ಇಡೀ ಅಂತರ್ಜಾಲಕ್ಕೆ ಕಾವಲಾಗುತ್ತದೆ. ಅಂತರ್ಜಾಲವನ್ನು ನಿಯಂತ್ರಿಸುವ ಹೊಣೆಯನ್ನು ಅಮೆರಿಕದ ಕಾಂಗ್ರೆಸ್ ಈ ಆಯೋಗಕ್ಕೆ ಒಪ್ಪಿಸಿಯೇ ಇಲ್ಲ ಎಂದು ನ್ಯಾಯಾಧೀಶೆ ಕ್ಯಾಥ್ಲೀನ್ ಓಮ್ಯಾಲಿ ಪ್ರತ್ಯೇಕ ಸಹಮತದಲ್ಲಿ ಹೇಳಿದರು. ಅಷ್ಟೇ ಸಾಕಿತ್ತು. ಯಾರು ತೀರ್ಮಾನಿಸಬೇಕು ಎಂಬಲ್ಲಿಗೆ ನಿಲ್ಲಿಸದೆ, ಫೈಲ್ ಏನಲ್ಲ ಎಂದು ಸಾಧಿಸಲು ಹೋದದ್ದೇ ಬಹುಮತದ ದೋಷ. ಅದು ಏನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಹಕ್ಕುಸ್ವಾಮ್ಯದ ಕಡೆಗೆ ಹೋದರೂ ಬಾಗಿಲು ಅರೆತೆರೆದಿದೆ ಅಷ್ಟೆ. ಟೊಯೊಟಾ ಕಾರುಗಳನ್ನು ಅಳೆದು ಡಿಜಿಟಲ್ ಮಾದರಿ ಮಾಡಿದ್ದ ಮೆಶ್‌ವರ್ಕ್ಸ್ ಕಂಪನಿಗೆ 2008ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಹಕ್ಕು ನಿರಾಕರಿಸಿತ್ತು. ಎಷ್ಟೇ ಶ್ರಮಪಟ್ಟರೂ ಇದ್ದದ್ದನ್ನು ಇದ್ದಂತೆ ಮೂಡಿಸಿದರೆ ಅದರಲ್ಲಿ ಸ್ವಂತದ್ದೇನೂ ಇಲ್ಲ ಎಂದು ಬರೆದವರು ಆಗ ಅಲ್ಲಿ ನ್ಯಾಯಾಧೀಶರಾಗಿದ್ದ ನೀಲ್ ಗೋರ್ಸಚ್. ನ್ಯಾಯವಾದ ಮಾತು. ಆದರೆ ಲಾಹೋರಿನ ತಂತ್ರಜ್ಞ ಮಾಡುತ್ತಿದ್ದದ್ದು ಇದ್ದ ಹಲ್ಲಿನ ನಕಲಲ್ಲ, ಇನ್ನೂ ಇರದ ಹಲ್ಲುಸಾಲಿನ ಕಲ್ಪನೆ. ಯಾವ ಹಲ್ಲು ಮೊದಲು, ಎಷ್ಟು ಸರಿಯಬೇಕು ಎಂಬ ಆ ವಿವೇಚನೆಯ ಬಗ್ಗೆ ಎರಡೂ ತೀರ್ಪುಗಳಲ್ಲಿ ಉತ್ತರವಿಲ್ಲ. ಅಲೈನ್‌ನ ಜಗಳ ಕೊನೆಗೆ ಹಣದಲ್ಲಿ ಬಗೆಹರಿಯಿತು: ಕ್ಲಿಯರ್‌ಕರೆಕ್ಟನ್ನು ಕೊಂಡಿದ್ದ ಸ್ಟ್ರಾಮನ್ ಕಂಪನಿ 2019ರಲ್ಲಿ 3.5 ಕೋಟಿ ಡಾಲರ್ ಕೊಡಲು ಒಪ್ಪಿತು.

ನಮ್ಮಲ್ಲಿ ಇಂಥ ದೂರು ಸುಂಕದ ಕಟ್ಟೆಯವರೆಗೂ ಹೋಗದು. ಬೌದ್ಧಿಕ ಆಸ್ತಿ ಉಲ್ಲಂಘಿಸುವ ಆಮದನ್ನು ತಡೆಯುವ 2007ರ ಕಸ್ಟಮ್ಸ್ ನಿಯಮಗಳಿಂದ ಪೇಟೆಂಟನ್ನು 2018ರಲ್ಲೇ ಕೈಬಿಡಲಾಗಿದೆ. 1970ರ ಪೇಟೆಂಟ್ ಕಾಯ್ದೆಯ 48ನೇ ಸೆಕ್ಷನ್ ತಯಾರಿಸುವುದು, ಬಳಸುವುದು, ಮಾರುವುದು, ಆಮದು ಮಾಡುವುದನ್ನು ಹೆಸರಿಸುತ್ತದೆ, ಫೈಲ್ ಕಳಿಸುವುದನ್ನಲ್ಲ. ಇನ್ನೊಬ್ಬರಿಂದ ಉಲ್ಲಂಘನೆ ಮಾಡಿಸುವವರನ್ನು ಹಿಡಿಯಲು ಅಮೆರಿಕದ ಪೇಟೆಂಟ್ ಕಾನೂನಿನಲ್ಲಿ ಪ್ರತ್ಯೇಕ ಅವಕಾಶವಿದೆ, ನಮ್ಮ ಕಾಯ್ದೆಯಲ್ಲಿ ಅಂಥ ಸೆಕ್ಷನ್ ಇಲ್ಲ. ಅತ್ತ ಬ್ರಿಟನ್ನಿನಲ್ಲಿ ಪೇಟೆಂಟ್ ಇರುವ ವಸ್ತುವನ್ನು ಖಾಸಗಿಯಾಗಿ, ವ್ಯಾಪಾರದ ಉದ್ದೇಶವಿಲ್ಲದೆ ಮಾಡಿಕೊಂಡರೆ ವಿನಾಯಿತಿಯುಂಟು. ನಮ್ಮಲ್ಲಿ ಸಂಶೋಧನೆ, ಪ್ರಯೋಗ, ಬೋಧನೆಗೆ ಸಡಿಲಿಕೆ ಇದೆಯೇ ಹೊರತು ಮನೆಬಳಕೆಗಿಲ್ಲ. ಫೈಲ್ ಹಂಚಿದವರು ಪಾರಾಗಿ, ಮನೆಯಲ್ಲಿ ಒಂದೇ ಒಂದು ತುಂಡು ಮುದ್ರಿಸಿಕೊಂಡವರು ಸಿಕ್ಕಿಬೀಳುವ ಏರ್ಪಾಡು ಇದು.

ಈ ನಡುವೆ ಪ್ರಿಂಟರ್ ದಂತವೈದ್ಯರ ಚಿಕಿತ್ಸಾಲಯಕ್ಕೇ ಬಂದು ಕೂತಿದೆ. ಸ್ಕ್ಯಾನ್, ವಿನ್ಯಾಸ, ಮುದ್ರಣ ಎಲ್ಲ ಒಂದೇ ಸೂರಿನಡಿ; ಲಾಹೋರೂ ಇಲ್ಲ, ಹೂಸ್ಟನ್ನೂ ಇಲ್ಲ. ಮುಂದೆ ಪೇಟೆಂಟ್ ಹಿಡಿದು ದಾವೆ ಹೂಡುವ ಕಂಪನಿ ಕಟಕಟೆಗೆ ಎಳೆಯಬೇಕಾಗುವುದು ತನ್ನದೇ ಗಿರಾಕಿಗಳಾದ ಆ ವೈದ್ಯರನ್ನು.